ಸಿಂಕ್ ಆಗದ ಮಗ

ನಮ್ಮಮ್ಮ ನನಗೆ ಮೊದಲನೇ ಸಲ "ನೀವು" ಅಂದಿದ್ದು ಆಸ್ಪತ್ರೆಯಿಂದ ಮನೆಗೆ ಬಂದ ದಿನ. ಟ್ಯಾಕ್ಸಿ ಬಾಗಿಲು ತೆಗೆದು ಕೈ ಚಾಚ್ದೆ. ಅಮ್ಮ ನನ್ನ ಮುಖಾನ ಸ್ವಲ್ಪ ಹೊತ್ತು ನೋಡಿದ್ಳು. "ಬೇಡ, ನಾನೇ ಇಳೀತೀನಿ. ನೀವು ಆ ಬ್ಯಾಗ್ ತಗೊಳ್ಳಿ" ಅಂದ್ಳು.

ನನಗೆ ಖುಷಿಯೋ ಖುಷಿ. ಕಾಲೆಳೆಯೋದು ನಮ್ಮನೇಲಿ ಅಮ್ಮನ ಕಡೆಯಿಂದ ಬಂದ ಆಸ್ತಿ. ಮೆದುಳಿಗೆ ಜ್ವರ ಏರಿ ಅಷ್ಟು ದಿನ ಕಣ್ಣು ಬಿಡದೆ ಮಲಗಿದ್ದೋಳು, ಎದ್ದ ತಕ್ಷಣ ಆಟ ಶುರು ಮಾಡಿದ್ಳಪ್ಪ ಅನ್ಕೊಂಡೆ. ಬ್ಯಾಗ್ ತಲೆ ಮೇಲೆ ಇಟ್ಕೊಂಡು, "ಆಗ್ಲಿ ಮೇಡಂ. ರೂಮು ಎಸಿ ಬೇಕಾ, ಫ್ಯಾನ್ ಸಾಕಾ?" ಅಂದೆ. ಅಕ್ಕ ನಕ್ಕಳು. ಅಮ್ಮ ನಗಲಿಲ್ಲ. ಒಳಗೆ ಹೋಗಿ ಸೋಫಾದಲ್ಲಿ ಕೂತು ಅಕ್ಕನ್ನ ಹತ್ರ ಕರೆದ್ಳು.

"ಆ ಹುಡುಗ ಯಾರೇ? ಥೇಟ್ ನಮ್ಮೋನ ಥರಾನೇ ಇದಾನಲ್ಲ."

"ನಮ್ಮೋನೇ ಅಮ್ಮ ಅವನು."

"ಹೋಗೆ. ನನಗೆ ಗೊತ್ತಾಗಲ್ವಾ? ಮೂಗು, ಕಣ್ಣು ಎಲ್ಲಾ ಸರಿಯಾಗೇ ಹುಡುಕಿದಾರೆ. ಆದ್ರೆ ಅವನಲ್ಲ."

ನಾನು ಬಾಗಿಲ ಹತ್ರ ಬ್ಯಾಗ್ ಹೊತ್ಕೊಂಡು ಹಾಗೇ ನಿಂತಿದ್ದೆ. ಜೀವನದಲ್ಲಿ ಒಂದು ಡಬಲ್ ರೋಲ್ ಸಿಗಲಿ ಅಂತ ಆಸೆ ಇತ್ತು, ನಿಜ. ಸ್ವಂತ ಮನೇಲಿ, ನನ್ನ ರೋಲೇ ನನಗೆ ಎದುರಾಳಿ ಆಗಿ ಸಿಗತ್ತೆ ಅಂತ ಅನ್ಕೊಂಡಿರ್ಲಿಲ್ಲ.

ನಮ್ಮ ಕಸುಬು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಅಮ್ಮ ಡಬ್ಬಿಂಗ್ ಆರ್ಟಿಸ್ಟ್. ಸಿನಿಮಾದಲ್ಲಿ ಪುಟ್ಟ ಮಕ್ಕಳು ಅಳೋದು, ಕೊಸರೋದು, "ಅಪ್ಪಾ ಬೇಡ ಹೊಡೀಬೇಡ" ಅನ್ನೋದು, ಇದೆಲ್ಲ ಅಮ್ಮಂದೇ. ಎಷ್ಟೋ ಹೀರೋಗಳ ಬಾಲ್ಯ ಪೂರ್ತಿ ನಮ್ಮಮ್ಮನ ಗಂಟಲಲ್ಲಿ ಕಳೆದಿದೆ. ಅಪ್ಪ ನಾನು ಹುಟ್ಟೋ ಹೊತ್ತಿಗೇ ಹೋಗ್ಬಿಟ್ಟಿದ್ದ. ಹಾಗಾಗಿ ನಾನು ಬೆಳೆದಿದ್ದೇ ಸ್ಟುಡಿಯೋದ ಮೂಲೇಲಿ, ಹಳೇ ಕಾರ್ಪೆಟ್ ಸುರುಳಿ ಮೇಲೆ. ಅಮ್ಮ ಮೈಕ್ ಮುಂದೆ ಎರಡು ವರ್ಷದ ಮಗು ಆಗಿ ಬಿಕ್ಕಿ ಬಿಕ್ಕಿ ಅತ್ತು, ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಆಚೆ ಬಂದು, "ಲೋ, ಬನ್ ತಿಂದ್ಯೇನೋ?" ಅನ್ನೋಳು. ಈಗ ನಾನೂ ಅಲ್ಲೇ. ಹೀರೋನ ಸ್ನೇಹಿತ, ಎರಡನೇ ರೌಡಿ, "ಸಾರ್, ಬಾಸ್ ಬಂದ್ರು" ಅನ್ನೋನು, ಎಲ್ಲಾ ನಾನೇ. ಹೊರಗಡೆ ಫೋನಲ್ಲಿ ಬೇರೆಯವರ ವಾಯ್ಸ್ ಹಾಕಿ ಊರೆಲ್ಲಾ ಆಟ ಆಡಿಸ್ತೀನಿ. ಮನೆ ಓನರ್ ವಾಯ್ಸಲ್ಲಿ ಫೋನ್ ಮಾಡಿ ಅಕ್ಕನ್ನ ಎಷ್ಟೋ ಸಲ ಅಳಿಸಿದೀನಿ. ಅಮ್ಮನ ಹತ್ರ ಮಾತ್ರ ನಡೀತಿರ್ಲಿಲ್ಲ. ಯಾರ ವಾಯ್ಸ್ ಹಾಕಿದ್ರೂ ಒಂದೇ ಉಸಿರಿಗೆ, "ಸಾಕು ಬಾರೋ, ತಟ್ಟೆ ಹಾಕಿದೀನಿ" ಅನ್ನೋಳು. ಹೇಗೆ ಕಂಡುಹಿಡೀತೀಯ ಅಂತ ಕೇಳಿದ್ರೆ, "ನನಗೇನು ಗೊತ್ತು, ಗೊತ್ತಾಗತ್ತೆ ಅಷ್ಟೇ" ಅನ್ನೋಳು.

ಆ ಗೊತ್ತಾಗತ್ತಲ್ಲ, ಅದೇ ಈಗ ಹೋಗಿರೋದು.

ಮೊದಲನೇ ವಾರ ನಾನು ಸಿನಿಮಾ ರೂಲ್ ಬುಕ್ಕಲ್ಲಿ ಇರೋದೆಲ್ಲ ಮಾಡ್ದೆ. ಭುಜದ ಮೇಲಿನ ಮಚ್ಚೆ ತೋರಿಸ್ದೆ. "ಮೇಕಪ್ ಚೆನ್ನಾಗಿದೆ" ಅಂದ್ಳು. ಸೈಕಲ್ ಮೇಲಿಂದ ಬಿದ್ದು ಮೊಣಕಾಲಿಗೆ ಹೊಲಿಗೆ ಹಾಕ್ಸಿದ ಕಥೆ ಹೇಳ್ದೆ. "ಅವನೇ ನಿಮಗೆ ಹೇಳಿರ್ತಾನೆ, ಬಾಯಿಬಡುಕ" ಅಂದ್ಳು. ಚಿಕ್ಕಂದಿನಲ್ಲಿ ಅವಳು ಹಾಡ್ತಿದ್ದ ಹಾಡು ಹಾಡ್ದೆ. "ನಿಮ್ಮ ಶ್ರುತಿ ಅವನಿಗಿಂತ ವಾಸಿ" ಅಂದ್ಳು. ಅಕ್ಕ ಅಡುಗೆಮನೇಲಿ ಬಾಯಿಗೆ ಟವೆಲ್ ಅಡ್ಡ ಇಟ್ಕೊಂಡು ನಗ್ತಿದ್ದಳು. ನಾನೂ ನಕ್ಕೆ. ಅವತ್ತಿನವರೆಗೂ ಇದು ಇಂಟರ್ವಲ್ ಆದ್ಮೇಲೆ ಸರಿ ಹೋಗೋ ಪ್ರಾಬ್ಲಂ ಅನ್ಕೊಂಡಿದ್ದೆ.

ಆಮೇಲೆ ನಾನು ಕೊಟ್ಟ ಮಾತ್ರೆ ತಗೊಳ್ಳೋದು ನಿಲ್ಸಿದ್ಳು. ನಾನು ಬಡಿಸಿದ ತಟ್ಟೆ ಮುಟ್ಟಲಿಲ್ಲ. ರೂಮಿನ ಬಾಗಿಲಿಗೆ ಒಳಗಡೆಯಿಂದ ಕುರ್ಚಿ ಅಡ್ಡ ಇಡೋಕೆ ಶುರು ಮಾಡಿದ್ಳು.

ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ. ಅವರು ಅಮ್ಮನ ಎರಡು ಬೆರಳಿಗೆ ಸಣ್ಣ ವೈರ್ ಸುತ್ತಿ, ಕಂಪ್ಯೂಟರ್ ಮುಂದೆ ಕೂರಿಸಿ ಒಂದೊಂದೇ ಫೋಟೋ ತೋರಿಸಿದ್ರು. ಬೇರೆ ಸ್ಕ್ರೀನಲ್ಲಿ ಒಂದು ಗೆರೆ ಓಡ್ತಿತ್ತು. ಬಲ್ಬ್ ಫೋಟೋ ಬಂತು, ಗೆರೆ ಮಲಗಿತ್ತು. ಯಾರೋ ಮೀಸೆಯವರು ಬಂದ್ರು, ಮಲಗಿತ್ತು. ಅಕ್ಕನ ಫೋಟೋ ಬಂತು, ಗೆರೆ ಎದ್ದು ಕೂತ್ಕೊಳ್ತು. ನನ್ನ ಫೋಟೋ ಬಂತು.

ಮೀಸೆಯವರಿಗೇ ಸ್ವಲ್ಪ ಜಾಸ್ತಿ ಬಂದಿತ್ತು ಅನ್ಸತ್ತೆ.

"ನೋಡಪ್ಪ," ಅಂದ್ರು ಡಾಕ್ಟರ್, ಅಮ್ಮನ್ನ ಹೊರಗೆ ಕೂರಿಸಿದ ಮೇಲೆ. "ಮುಖ ಒಳಗೆ ಹೋಗೋಕೆ ಎರಡು ದಾರಿ. ಒಂದರಲ್ಲಿ ಹೋದ್ರೆ, ಇದು ಇಂಥವರ ಮೂಗು, ಇಂಥವರ ಕಣ್ಣು ಅಂತ ಮೆದುಳು ಹೆಸರು ಹಚ್ಚತ್ತೆ. ಅದು ನಮಗೆ ತಿಳಿಯೋ ದಾರಿ. ಇನ್ನೊಂದು ನಮಗೆ ತಿಳಿಯದ ಹಾಗೇ ಹೋಗಿ ಮೈ ಮುಟ್ಟತ್ತೆ. ನಮ್ಮೋರು ಕಂಡಾಗ ಬೆರಳು ಒಂಚೂರು ಬೆವರತ್ತೆ. ನಮಗದು ಗೊತ್ತೇ ಆಗಲ್ಲ. ಆದ್ರೆ ಅದು ಆದ್ರೇನೇ ಇವರು ನಮ್ಮೋರು ಅನ್ನಿಸೋದು."

"ಅಂದ್ರೆ ಪಿಕ್ಚರ್ ಬರ್ತಿದೆ, ಹಿಂದೆ ಮ್ಯೂಸಿಕ್ ಬರ್ತಿಲ್ಲ."

"ಹಾಗೇ ಅನ್ಕೊ."

"ಮ್ಯೂಸಿಕ್ ಇಲ್ದೆ ಇದ್ರೆ ಅಮ್ಮ ಹೆತ್ತ ಮಗನ್ನೇ ವಿಲನ್ ಅನ್ಕೊತಾಳಾ ಸಾರ್?"

"ಅವರ ಕಡೆಯಿಂದ ಯೋಚ್ನೆ ಮಾಡು. ಮಗನ ಮುಖ ಎದುರಿಗಿದೆ, ಮೈ ಕಲ್ಲಿನ ಥರ ಕೂತಿದೆ. ಮಗ ಅಂತ ಹೇಗೆ ನಂಬ್ತಾರೆ?"

ಅಕ್ಕ ಕೇಳಿದ್ಳು, "ಮತ್ತೆ ನನ್ನನ್ನ ಯಾಕೆ ಗುರುತು ಹಿಡೀತಾಳೆ?"

ಡಾಕ್ಟರ್ ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದ್ರು. "ಸಾಮಾನ್ಯವಾಗಿ ತುಂಬಾ ಹತ್ರದವರೊಬ್ಬರ ಮೇಲೇ ಇದು ಆಗೋದು. ಅಲ್ಲಿ ಜಾಸ್ತಿ ಇರತ್ತಲ್ಲ, ಇಲ್ಲ ಅಂದಾಗ ಎದ್ದು ಕಾಣತ್ತೆ."

ವಾಪಸ್ ಬರ್ತಾ ಮೆಟ್ಟಿಲಲ್ಲಿ ಅಕ್ಕ ಮೆಲ್ಲಗೆ ಅಂದ್ಳು, "ನೀನು ಚಿಕ್ಕೋನಿದ್ದಾಗಿಂದ ನನಗೆ ಅನುಮಾನ ಇತ್ತು. ಇವತ್ತು ಕಂಪ್ಯೂಟರೇ ಹೇಳ್ತು ನೋಡು, ಅಮ್ಮನಿಗೆ ನೀನಂದ್ರೇ ಜಾಸ್ತಿ ಅಂತ."

"ತಗೊಳ್ಳೆ, ಅರ್ಧ ನಿನಗೆ ಕೊಡ್ತೀನಿ."

"ಈಗ ಯಾರಿಗೆ ಬೇಕೋ ಕತ್ತೆ" ಅಂದು ಮುಖ ಆ ಕಡೆ ತಿರುಗಿಸಿಕೊಂಡ್ಳು.

ಅಕ್ಕ ಬಸುರಿ. ಭಾವ ಬೇರೆ ಊರಲ್ಲಿ ಫ್ಯಾಕ್ಟರಿ ಕೆಲಸ, ಒಂದು ರೂಮಿನ ಮನೆ. ಅಮ್ಮನಿಗೋಸ್ಕರ ಬಂದವಳು ತಿಂಗಳ ಕೊನೇಲಿ ವಾಪಸ್ ಹೋಗ್ಲೇಬೇಕಿತ್ತು. ಅವಳು ಹೋದ್ರೆ ಮನೇಲಿ ಉಳಿಯೋದು ಅಮ್ಮ, ಮತ್ತೆ ಅಮ್ಮನ ಲೆಕ್ಕದಲ್ಲಿ ಒಬ್ಬ ಅಪರಿಚಿತ. ಅಷ್ಟರೊಳಗೆ ಅಮ್ಮ ನನ್ನನ್ನ ಒಪ್ಕೊಬೇಕು. ಇಲ್ಲಾಂದ್ರೆ ಆಸ್ಪತ್ರೆಯವರದ್ದೇ ಒಂದು ಮನೆ ಇದೆ, ಇಂಥವರನ್ನ ನೋಡ್ಕೊಳ್ಳೋದು, ಅಲ್ಲಿಗೆ. ನಾನು ಆ ಮನೆ ನೋಡ್ಕೊಂಡು ಬಂದಿದ್ದೆ. ಕಿಟಕಿಗಳೆಲ್ಲ ಒಂದು ಗೇಣು ಮಾತ್ರ ತೆರ್ಕೊಳ್ಳತ್ತೆ.

ಅಷ್ಟರಲ್ಲಿ ಒಂದು ಘಟನೆ ಆಯ್ತು. ಸ್ಟುಡಿಯೋದಿಂದ ಅಕ್ಕನಿಗೆ ಫೋನ್ ಮಾಡ್ದೆ, ಬರ್ತಾ ಬ್ರೆಡ್ ತರ್ಲಾ ಅಂತ ಕೇಳೋಕೆ. ಅಕ್ಕ ಸ್ನಾನಕ್ಕೆ ಹೋಗಿದ್ಳು. ಅಮ್ಮ ಎತ್ತಿದ್ಳು.

"ಹಲೋ" ಅಂದೆ. ಅಷ್ಟೇ.

"ಲೋ ಕತ್ತೆ, ಎಲ್ಲಿ ಸತ್ತಿದ್ಯೋ ಇಷ್ಟು ದಿನ? ತಾಯಿ ಬದುಕಿದಾಳೋ ಇಲ್ವೋ ಅಂತ ಒಂದು ಫೋನ್ ಬೇಡ್ವೇನೋ?"

ಕತ್ತೆ ಅನ್ನಿಸ್ಕೊಂಡು ಅಷ್ಟು ಸುಖ ಪಟ್ಟ ಪ್ರಾಣಿ ಇನ್ನೊಂದು ಇರಲಿಕ್ಕಿಲ್ಲ. ಸ್ಟುಡಿಯೋ ಕಾರಿಡಾರಲ್ಲಿ ಗೋಡೆ ಹಿಡ್ಕೊಂಡು ಕೂತೆ. "ಊಟ ಆಯ್ತಾ ಅಮ್ಮ?" ಅಂದೆ.

"ಆಯ್ತು. ಕೇಳೋ, ಮನೇಲಿ ಒಬ್ಬ ಬಂದು ಸೇರ್ಕೊಂಡಿದಾನೆ. ಥೇಟ್ ನಿನ್ನ ಥರ. ನಿನ್ನ ವಾಯ್ಸ್ ಕೂಡ ಹಾಕ್ತಾನೆ. ನಿನ್ನ ಅಕ್ಕ ಅವನ ಕಡೆಗೇ ಆಗ್ಬಿಟ್ಟಿದಾಳೆ. ಒಳ್ಳೆ ಹುಡುಗನೇ, ಸುಳ್ಳು ಹೇಳ್ಬಾರ್ದು. ಆದ್ರೂ ನೀನು ಬೇಗ ಬಾರೋ."

ಡಾಕ್ಟರ್ ಮತ್ತೆ ಬೆರಳಿಗೆ ವೈರ್ ಹಾಕಿ, ಪಕ್ಕದ ರೂಮಿಂದ ನನ್ನ ಕೈಲಿ ಮಾತಾಡಿಸಿದ್ರು. ಅಮ್ಮ ಬಾಯಿ ತೆಗೆಯೋ ಮುಂಚೇನೇ ಗೆರೆ ಸ್ಕ್ರೀನ್ ತಲೆ ಮುಟ್ಟಿತ್ತಂತೆ. ಕಿವಿ ದಾರಿ ಬೇರೆ, ಅದು ಉಳ್ಕೊಂಡಿದೆ ಅಂದ್ರು. ಎದುರಿಗೆ ನಿಂತು ಮಾತಾಡಿದ್ರೆ ಮುಖ ಅಡ್ಡ ಬರತ್ತೆ. ಮುಖ ಇಲ್ದೆ ಹೋದ್ರೆ ನಾನು ಮಗ.

ಅವತ್ತಿಂದ ನಮ್ಮನೇಲಿ ಹೊಸ ಶೋ. ದಿನಾ ಸಂಜೆ ನಾನು ಮನೆ ಮೆಟ್ಟಿಲಲ್ಲಿ ಕೂತು ಒಳಗಿದ್ದ ಅಮ್ಮನಿಗೆ ಫೋನ್ ಮಾಡೋದು. "ಮಾತ್ರೆ ತಗೊಂಡ್ಯಾ? ಆ ಹುಡುಗ ಕೊಟ್ರೆ ತಗೊ, ನಾನೇ ಕಳಿಸಿರೋದು ಅವನ್ನ." ಆಮೇಲೆ ಫೋನ್ ಜೇಬಲ್ಲಿಟ್ಟು ಒಳಗೆ ಹೋಗೋದು. ಅಮ್ಮ ಮುಖ ಗಂಟು ಹಾಕ್ಕೊಂಡು, "ಕೊಡಿ, ನನ್ನ ಮಗ ಹೇಳಿದಾನೆ" ಅಂತ ಕೈ ಚಾಚೋಳು. ನನ್ನ ಶಿಫಾರಸಿನ ಮೇಲೆ ನನಗೆ ಮನೇಲಿ ಕೆಲಸ ಸಿಕ್ಕಿತ್ತು.

ಅಕ್ಕ ಅಂದ್ಳು, "ಹೀಗೇ ನಡೀಲಿ ಬಿಡೋ. ನಾನು ಹೋದ್ಮೇಲೂ ಇದೇ ಸಾಕು."

ಅಕ್ಕನ ಮಾತು ಸರಿ ಇತ್ತು. ಆದ್ರೆ ಅಮ್ಮ ದಿನಾ ಫೋನಲ್ಲಿ, "ಯಾವಾಗ ಬರ್ತೀಯೋ?" ಅಂತ ಕೇಳೋಳು. ಕೇಳ್ತಾ ಕೇಳ್ತಾ ವಾಯ್ಸ್ ಸಣ್ಣ ಆಗ್ತಿತ್ತು. ಒಂದು ದಿನ ಊಟ ಬಿಟ್ಳು. "ನೀನು ಬಂದ ಮೇಲೇ ತಿಂತೀನಿ" ಅಂದ್ಳು. ಮಾರನೇ ದಿನಾನೂ ಅದೇ. ಗೋಡೆ ಈ ಕಡೆ ನಾನು, ಆ ಕಡೆ ಅವಳು ಉಪವಾಸ.

ಸ್ಟುಡಿಯೋದಲ್ಲಿ ಸೌಂಡ್ ಎಂಜಿನಿಯರ್ ಅಣ್ಣನಿಗೆ ಎಲ್ಲಾ ಹೇಳ್ದೆ. ಅಮ್ಮನ ಕಾಲದಿಂದ ಅದೇ ಕುರ್ಚೀಲಿ ಕೂತಿರೋ ಮನುಷ್ಯ, ಮಾತು ಕಮ್ಮಿ. ಗಾಜಿನ ಹಿಂದೆ ಬಟನ್ ತಿರುಗಿಸ್ತಾ ಅಂದ, "ನಮ್ಮ ಕೆಲಸ ಏನು? ಒಬ್ಬನ ಬಾಯಿಗೆ ಇನ್ನೊಬ್ಬನ ಧ್ವನಿ ಅಂಟಿಸೋದು. ಮೊದಲ ಐದು ನಿಮಿಷ ಬಾಯಿ, ಧ್ವನಿ ಕರೆಕ್ಟಾಗಿ ಕೂತ್ರೆ ಅಂಟ್ಕೊಳ್ಳತ್ತೆ. ನೋಡೋನಿಗೆ ಅಂಟಿದ್ದೇ ಗೊತ್ತಾಗಲ್ಲ. ಒಂಚೂರು ತಪ್ಪಿದ್ರೆ, ಏನು ತಪ್ಪು ಅಂತಾನೂ ಗೊತ್ತಾಗಲ್ಲ, ಸುಮ್ನೆ ಸೀಟಲ್ಲಿ ಮಿಸುಕಾಡ್ತಾನೆ, ಪಾಪ್‌ಕಾರ್ನ್ ತರೋಕೆ ಎದ್ದು ಹೋಗ್ತಾನೆ."

"ಹಂಗಿದ್ರೆ ಅಣ್ಣ, ನನ್ನ ವಾಯ್ಸನ್ನ ನನ್ನ ಮುಖಕ್ಕೇ ಅಂಟಿಸ್ಬೋದಲ್ಲ?"

ಅವನು ಹೆಡ್‌ಫೋನ್ ತೆಗೆದು ನನ್ನ ನೋಡ್ದ. "ನಿಮ್ಮಮ್ಮ ಪಾಪ್‌ಕಾರ್ನ್ ಪಾರ್ಟಿ ಅಲ್ಲ ಕಣೋ" ಅಂದ.

ನಾನು ಆ ಮಾತನ್ನ ಹೊಗಳಿಕೆ ಅಂತ ತಗೊಂಡೆ. ತಲೇಲಿ ಆಗ್ಲೇ ಕ್ಲೈಮ್ಯಾಕ್ಸ್ ಶೂಟ್ ಆಗ್ತಿತ್ತು. ಡಾಕ್ಟರ್ ಹತ್ರ ಕೇಳಿದ್ರೆ, "ಮಾಡು ಅಂತ ಹೇಳಲ್ಲ, ಬೇಡ ಅಂತ ಹೇಳೋಷ್ಟೂ ನಮಗೆ ಗೊತ್ತಿಲ್ಲ" ಅಂದ್ರು. ಅಕ್ಕ ಬೇಡ ಅಂದ್ಳು. ಅಮ್ಮ ಮೂರನೇ ದಿನಾನೂ ತಟ್ಟೆ ದೂಡಿದ ಮೇಲೆ ಅಕ್ಕಾನೇ, ಏನಾದ್ರೂ ಮಾಡ್ಕೊ ಅಂದ್ಳು.

ಭಾನುವಾರ ಮಧ್ಯಾಹ್ನ. ಅಮ್ಮ ಸೋಫಾದಲ್ಲಿ, ಅಕ್ಕ ಪಕ್ಕದಲ್ಲಿ. ನಾನು ಬಾಗಿಲಾಚೆ. ಒಳ್ಳೆ ಶರ್ಟ್ ಹಾಕಿ, ಕೂದಲು ಬಾಚಿ, ಹೀರೋ ಎಂಟ್ರಿಗೆ ರೆಡಿ. ಫೋನ್ ಮಾಡ್ದೆ. ಅಕ್ಕ ಸ್ಪೀಕರ್ ಹಾಕಿ ಅಮ್ಮನ ತೊಡೆ ಮೇಲೆ ಇಟ್ಳು.

"ಅಮ್ಮ, ಬಂದೆ."

"ಎಲ್ಲಿದೀಯೋ?"

"ಹತ್ರಾನೇ. ಮಾತಾಡ್ತಾ ಇರು. ಕಣ್ಣು ಮುಚ್ಕೊ ಸ್ವಲ್ಪ."

"ಇದೇನೋ ಮಂಗಾಟ" ಅಂದ್ಳು, ಆದ್ರೆ ಮುಚ್ಚಿದ್ಳು. ಕಿಟಕಿ ಸಂದೀಲಿ ನೋಡ್ತಿದ್ದೆ. ಕಣ್ಣು ಮುಚ್ಚಿ ನಗ್ತಿದ್ಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿದ್ದು ಅವತ್ತೇ. ನಾನು ಬಿಡದೆ ಮಾತಾಡ್ತಾ ಇದ್ದೆ, ಕಾರ್ಪೆಟ್ ಸುರುಳಿ, ಬನ್ನು, ಬಾಯಿಗೆ ಬಂದಿದ್ದೆಲ್ಲ. ಮಾತಾಡ್ತಾನೇ ಬಾಗಿಲು ತಳ್ಳಿ ಒಳಗೆ ಬಂದು ಅವಳೆದುರು ಮಂಡಿ ಊರಿ ಕೂತೆ. "ಈಗ ಕಣ್ಣು ಬಿಡು. ಬಿಟ್ಟು ನನ್ನ ಬಾಯಿ ನೋಡು."

ಬಿಟ್ಳು. ನೋಡಿದ್ಳು.

ಮಾತಾಡ್ತಾ ಹೋದೆ. ಮಾತು ಆಡಿದ ಮೇಲೆ, ಒಂದು ರೆಪ್ಪೆ ಬಡಿಯೋಷ್ಟು ತಡವಾಗಿ, ಅವಳ ತೊಡೆ ಮೇಲಿನ ಫೋನಿಂದ ಅದೇ ಮಾತು ಬರ್ತಿತ್ತು. "ಅಮ್ಮ ನಾನೇ," ಅಂದೆ. "ನಾನೇ" ಅಂತು ಫೋನು.

ಅಮ್ಮ ನನ್ನ ತುಟಿ ನೋಡ್ತಿದ್ಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೈಕ್ ಮುಂದೆ ಸ್ಕ್ರೀನ್ ನೋಡೋ ನೋಟ. ನಗು ನಿಧಾನಕ್ಕೆ ಆರಿತು. ಸೋಫಾದಲ್ಲಿ ಒಂದ್ಸಲ ಮಿಸುಕಾಡಿದ್ಳು.

"ನಿಲ್ಸಿ" ಅಂದ್ಳು.

ನಿಲ್ಸ್ದೆ.

"ಸಿಂಕ್ ಇಲ್ಲ. ಬಾಯಿ ಮುಂದೆ ಓಡ್ತಿದೆ, ವಾಯ್ಸ್ ಹಿಂದೆ ಬರ್ತಿದೆ." ಫೋನ್ ಎತ್ತಿ ಎದೆಗೆ ಒತ್ತಿ ಹಿಡ್ಕೊಂಡ್ಳು. "ನನ್ನ ಮಗ ಅಲ್ಲಿಂದ ಮಾತಾಡ್ತಿದಾನೆ, ನೀವು ಇಲ್ಲಿ ಬಾಯಿ ಆಡಿಸ್ತಿದೀರ. ಯಾರ ಹತ್ರ ಆಡಿಸ್ತಿದೀರ ಅಂತ ನೋಡ್ಕೊಂಡು ಆಡಿಸ್ಬೇಕಲ್ವಾ?"

ಇಡೀ ಜೀವಮಾನ ಸಿಂಕ್ ನೋಡಿದ ಹೆಂಗಸಿನ ಮುಂದೆ ಫೋನಿನ ಡಿಲೇ ಇಟ್ಕೊಂಡು ಕ್ಲೈಮ್ಯಾಕ್ಸ್ ಮಾಡೋಕೆ ಹೋಗಿದ್ದೆ. ಸ್ಟುಡಿಯೋದಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೀಲಿಲ್ಲ. ಗಾಬರೀಲಿ ಇದ್ದ ಒಂದೇ ಬುದ್ಧಿ ಉಪಯೋಗಿಸ್ದೆ. ಫೋನ್ ಕಟ್ ಮಾಡ್ದೆ.

"ನೋಡು, ಫೋನ್ ಇಲ್ಲ ಈಗ. ಅಮ್ಮ, ನಾನೇ ಕಣೆ. ವಾಯ್ಸ್ ಕೇಳು. ನಾನೇ."

ಈಗ ಸಿಂಕ್ ಕರೆಕ್ಟಾಗಿತ್ತು. ಅಮ್ಮ ಕೈಲಿದ್ದ ಫೋನ್ ನೋಡಿದ್ಳು, ನನ್ನ ಬಾಯಿ ನೋಡಿದ್ಳು. ಅಂಟ್ತಾ ಇದೆ ಅನ್ನೋದು ನನಗೆ ಕಣ್ಣಿಗೆ ಕಾಣ್ತಿತ್ತು.

"ಅಂದ್ರೆ," ಅಂದ್ಳು ಅಮ್ಮ, ಬಹಳ ಮೆಲ್ಲಗೆ, "ಇಷ್ಟು ದಿನ ಫೋನಲ್ಲಿ ಮಾತಾಡ್ತಿದ್ದಿದ್ದು ನೀವೇನಾ?"

"ಹೌದಮ್ಮ. ನಾನೇ."

"ದಿನಾನೂ?"

"ದಿನಾನೂ ನಾನೇ. ಮೆಟ್ಟಿಲಲ್ಲಿ ಕೂತ್ಕೊಂಡು."

ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದ್ಳು, ಸುಮ್ನಿರು ಅನ್ನೋ ಥರ. ಅವಳಿಗೆ ನನಗಿಂತ ಮುಂಚೆ ಅರ್ಥ ಆಗಿತ್ತು. ಅಮ್ಮ ಫೋನನ್ನ ಪಕ್ಕಕ್ಕಿಟ್ಳು, ಬಿಸಿ ಪಾತ್ರೆ ಇಡೋ ಹಾಗೆ.

"ಹಾಗಾದ್ರೆ ನನ್ನ ಮಗ ಎಲ್ಲಿ?"

ನಾನು ಅಕ್ಕನ ಮುಖ ನೋಡ್ದೆ.

"ಅವನಿಗೆ ಏನಾಯ್ತು ಅಂತ ಹೇಳಿ. ನಾನು ಗಲಾಟೆ ಮಾಡಲ್ಲ. ಪೊಲೀಸ್‌ಗೂ ಹೇಳಲ್ಲ. ಇದಾನೋ ಇಲ್ವೋ, ಅಷ್ಟು ಹೇಳಿಬಿಡಿ."

"ಅಮ್ಮ," ಅಂದ್ಳು ಅಕ್ಕ.

"ನಿನಗೂ ಗೊತ್ತಿತ್ತು ಅಲ್ವಾ?" ಅಂದ್ಳು ಅಮ್ಮ ಅವಳಿಗೆ. ಆಮೇಲೆ ಅತ್ತಳು. ಸ್ಟುಡಿಯೋದಲ್ಲಿ ಅಳ್ತಿದ್ದ ಹಾಗಲ್ಲ, ಸದ್ದೇ ಇರ್ಲಿಲ್ಲ.

ವಾರ ಬಿಟ್ಟು ಡಾಕ್ಟರ್ ಮತ್ತೆ ಬೆರಳಿಗೆ ವೈರ್ ಸುತ್ತಿದ್ರು. ಪಕ್ಕದ ರೂಮಿಂದ ನಾನು "ಹಲೋ" ಅಂದೆ, "ಊಟ ಆಯ್ತಾ" ಅಂದೆ, ಕೊನೆಗೆ ಬರೀ "ಅಮ್ಮ" ಅಂದೆ. ಆಚೆ ಬಂದು ಸ್ಕ್ರೀನ್ ನೋಡ್ದೆ. ಗೆರೆ ಬಲ್ಬಿನ ಫೋಟೋಗೆ ಮಲಗಿದ್ದ ಹಾಗೇ ಮಲಗಿತ್ತು. ಡಾಕ್ಟರ್ ವೈರ್ ಸುತ್ತಿ ಡಬ್ಬೀಲಿ ಇಡ್ತಾ, "ಈ ದಾರೀನೂ..." ಅಂತ ಶುರು ಮಾಡಿ ಅಲ್ಲೇ ಬಿಟ್ರು. ವಾಪಸ್ ಬರತ್ತಾ ಅಂತ ಕೇಳ್ದೆ. ಅವರು ಅಕ್ಕನ ಕಡೆ ನೋಡಿ, "ನಿಮಗೆ ಹೆರಿಗೆಗೆ ಯಾವಾಗ ಡೇಟ್ ಕೊಟ್ಟಿದಾರೆ?" ಅಂದ್ರು.

ಆಸ್ಪತ್ರೆಯವರ ಆ ಮನೆಗೆ ಹೋಗೋಕೆ ಅಮ್ಮ ಹಟ ಮಾಡ್ಲಿಲ್ಲ. ಅವನು ಬರದೇ ಇರೋ ಮನೆ ಯಾವುದಾದ್ರೇನು ಅಂದ್ಳು. ಅಕ್ಕ ಅವಳ ಬಟ್ಟೆ ಮಡಿಸಿಕೊಟ್ಟು, ಒಂದು ವಾರ ಬಿಟ್ಟು ತನ್ನೂರಿಗೆ ಹೋದ್ಳು. ಬಸ್ ಹತ್ತೋವಾಗ ನನಗೆ ಬೈಯ್ಯಲಿ ಅಂತ ಕಾದೆ. "ಸರಿಯಾಗಿ ತಿನ್ನೋ" ಅಂದ್ಳು, ಅಷ್ಟೇ.

ನಾನು ಭಾನುವಾರ ಹೋಗ್ತೀನಿ. ಮೊದಮೊದಲು ಅಮ್ಮ ಎದ್ದು ಒಳಗೆ ಹೋಗೋಳು. ಈಗ ಹೋಗಲ್ಲ. ಬೆಂಚಿನ ಆ ತುದೀಲಿ ಅವಳು, ಈ ತುದೀಲಿ ನಾನು. ಅಲ್ಲಿನ ನರ್ಸಕ್ಕನಿಗೆ ನನ್ನನ್ನ, "ಇವರು ನನ್ನ ಮಗನ ಪರಿಚಯದವರು" ಅಂತಾಳೆ.

ಮೊನ್ನೆ ತಾನಾಗೇ ಮಾತಾಡಿದ್ಳು. "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಮುದುಕಿಗೆ ಸಮಾಧಾನ ಆಗ್ಲಿ ಅಂತ ಮಾಡಿದ್ರಿ."

"ಹೂಂ" ಅಂದೆ. ಅವಳ ಎದುರಿಗೆ ಸುಳ್ಳು ಹೇಳಿ ದಕ್ಕಿಸ್ಕೊಂಡಿದ್ದು ಅದೇ ಮೊದಲು.

"ಒಂದು ಕೇಳ್ಲಾ? ಅವನ ಥರ ಒಂದ್ಸಲ ಅಮ್ಮ ಅನ್ನಿ."

ಗಂಟಲು ಸರಿ ಮಾಡ್ಕೊಂಡೆ. "ಅಮ್ಮ" ಅಂದೆ.

ಕಣ್ಣು ಮುಚ್ಚಿ ಕೇಳಿದ್ಳು. ತಲೆ ಅಲ್ಲಾಡಿಸಿದ್ಳು. "ಮೂಗಲ್ಲಿ ಜಾಸ್ತಿ ಹೋಯ್ತು. ಅವನು ಕರೆದ್ರೆ ಏನೋ ಬೇಕಾಗಿದೆ ಅಂತ ಗೊತ್ತಾಗೋದು. ಕಾಸೋ, ಬನ್ನೋ, ಏನೋ ಒಂದು. ನಿಮ್ಮದ್ರಲ್ಲಿ ಏನೂ ಬೇಕಾಗಿಲ್ಲ."

"ಅಮ್ಮ."

"ಇದು ಅಳೋ ಥರ ಆಯ್ತು. ಅವನು ಅಳ್ತಿರ್ಲಿಲ್ಲ. ಇನ್ನೊಂದ್ಸಲ."

"ಅಮ್ಮ."

"ಊಹೂಂ."

ಎಷ್ಟು ಸಲ ಅಂದೆನೋ. ಪಕ್ಕದ ಬೆಂಚಿನ ಅಜ್ಜ ಎದ್ದು ಬೇರೆ ಕಡೆ ಹೋದ. ಅಮ್ಮ ಬೇಜಾರಿಲ್ಲದೆ ತಿದ್ದುತ್ತಾ ಇದ್ಳು. ಹೊಸಬರಿಗೆ ಕಲಿಸೋವಾಗ ಹೇಗಿರ್ತಿದ್ಳೋ ಹಾಗೇ, ಬೆರಳಿನಿಂದ ಗಾಳೀಲಿ ಏರಿಳಿತ ತೋರಿಸ್ತಾ. ನರ್ಸಕ್ಕ ಬಂದು ಟೈಮ್ ಆಯ್ತು ಅಂದ್ರು. ಅಮ್ಮ ಎದ್ದು ಶಾಲು ಸರಿ ಮಾಡ್ಕೊಂಡ್ಳು.

"ಕೆಟ್ಟದಾಗೇನಿಲ್ಲ" ಅಂದ್ಳು. "ಗೊತ್ತಿಲ್ಲದೋರು ನಂಬ್ತಾರೆ. ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಬನ್ನಿ."

ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ತು. ಗಾಜಿನ ಕಡೆ ಮುಖ ಮಾಡಿ ಮೆಲ್ಲಗೆ ಅಂದು ನೋಡ್ತಿದ್ದೆ, ಕಾಸು ಕೇಳೋ ಥರ, ಬನ್ನು ಕೇಳೋ ಥರ. ಪಕ್ಕದಲ್ಲಿ ಕೂತಿದ್ದೋರು ತಮ್ಮ ಬ್ಯಾಗನ್ನ ಈ ತೊಡೆಯಿಂದ ಆ ತೊಡೆಗೆ ಹಾಕ್ಕೊಂಡ್ರು. ನಮ್ಮ ಸ್ಟಾಪ್ ಬರೋ ಹೊತ್ತಿಗೆ, ಅದು ಅವನ ಥರ ಇದೆಯೋ ಇಲ್ವೋ ಅಂತ ನನಗೂ ಗೊತ್ತಾಗ್ತಿರ್ಲಿಲ್ಲ.